ಕಿರೀಟ ಎತ್ತಿದಾಗ ಕರೆಂಟು ಹೋಯಿತು

ಕರಕರಕರ, ಕಟಕ್. ನಮ್ಮ ಟೀವಿಯ ಮರದ ಶಟರ್ ಸರಿಸಿದಾಗ ಬರುತ್ತಿದ್ದ ಸದ್ದು ಅದು. ಮೊದಲು ಪಟ್ಟಿಗಳು ಒಂದರ ಹಿಂದೊಂದು ಉರುಳುವ ಕರಕರ, ಆಮೇಲೆ ಮೂಲೆಗೆ ಹೋಗಿ ಬಡಿದುಕೊಳ್ಳುವ ಕಟಕ್. ತೊಂಬತ್ತರ ದಶಕದಲ್ಲಿ, ಗೋಕಾಕದ ನಮ್ಮ ಓಣಿಯಲ್ಲಿ ರವಿವಾರ ಮುಂಜಾನೆ ಆ ಸದ್ದು ಕೇಳಿತೆಂದರೆ ನಾನು ಯಾರನ್ನೂ ಕರೆಯಬೇಕಾಗಿರಲಿಲ್ಲ. ಬಾಜೂ ಮನೆಯ ಕಾಕು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದರು, ಹಿಂದೆ ಅವರ ಮಗಳು. ಎದುರು ಮನೆಯಿಂದ ಬಳೆ ವ್ಯಾಪಾರದವರ ಮನೆಯ ಖಾಲಾ. ಮತ್ತೆ ಐದಾರು ಮಂದಿ. ಎಲ್ಲರೂ ಚಾಪೆಯ ಮೇಲೆ. ಸೋಫಾದಲ್ಲಿ ಯಾರೂ ಕೂರುತ್ತಿರಲಿಲ್ಲ. ಅದು ಗಂಡಸರದೆಂದು ಯಾರೂ ಹೇಳದೆಯೇ ಗಟ್ಟಿಯಾಗಿತ್ತು.

ಆಗ ಒಂದು ಹಿಂದಿ ಸೀರಿಯಲ್ ಬರುತ್ತಿತ್ತು. ಮಾಯಾಜಾಲದ ರಾಜ್ಯ, ಹೊಗೆಯೊಳಗಿಂದ ಎದ್ದು ಬರುವ ಮಾಂತ್ರಿಕ, ಹಕ್ಕಿಗಳ ಜೊತೆ ಮಾತಾಡುವ ರಾಜಕುಮಾರಿ. ಅರಮನೆಯ ಕಂಬಗಳು ಥರ್ಮಾಕೋಲಿನವೆಂದು ನನಗೆ ಗೊತ್ತಿತ್ತು, ಆದರೂ ಹಾನೆಸ್ಟ್ಲಿ ಹೇಳುತ್ತೇನೆ, ಅಷ್ಟು ಚೆಂದದ ಅರಮನೆಯನ್ನು ನಾನು ಆಮೇಲೆ ನೋಡಲಿಲ್ಲ. ಓಣಿಯ ಹೆಂಗಸರಿಗೆ ಆ ಭಾರಿ ಹಿಂದಿ ತಿಳಿಯುತ್ತಿರಲಿಲ್ಲ. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳೆಂದು ನನ್ನನ್ನೇ ಟ್ರಾನ್ಸ್‌ಲೇಟರ್ ಮಾಡಿಬಿಟ್ಟಿದ್ದರು. ಅಲ್ಲಿ ಸಿಸ್ಟರ್‌ಗಳು ಇಂಗ್ಲೆಂಡಿನ ರಾಜರ ಪಟ್ಟಿಯನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದರು: ಯಾರ ನಂತರ ಯಾರು, ಮಗನಿಲ್ಲದಿದ್ದರೆ ಯಾರು. ಗೋಕಾಕದಲ್ಲಿ ಸಂಸಾರ ಮಾಡುವವಳಿಗೆ ಸಕ್ಸೆಷನ್ ಎಂಬ ಪಾಠ ಎಂದಾದರೂ ಬೇಕಾದೀತೆಂದು ನಾನು ಅಂದುಕೊಂಡಿರಲಿಲ್ಲ.

ನನ್ನ ಆಡಿಯನ್ಸ್ ಸುಮ್ಮನೆ ಕೂತು ನೋಡುವಂಥದ್ದಲ್ಲ. ರಾಜಕುಮಾರಿ ಕತ್ತಿ ತಿರುಗಿಸಿದರೆ ಖಾಲಾಗೆ ಆಕೆಯ ಬಳೆಯ ಚಿಂತೆ. ಇಷ್ಟು ಬಡಿದಾಡಿದರೂ ಒಂದೂ ಒಡೆಯುವುದಿಲ್ಲ, ಯಾವ ಊರಿನ ಮಾಲು ಎಂದು ಕೇಳುತ್ತಿದ್ದರು. ಕಾಕುಗೆ ಅರಮನೆಯ ಮೇಲೆ ಒಂದೇ ತಕರಾರು.

“ಇಷ್ಟ ದೊಡ್ಡ ಮನಿ, ಒಂದ ದಿನಾನೂ ಅಡಗಿಮನಿ ತೋರಸವಲ್ರು. ಉಣ್ಣಾಕ ಎಲ್ಲಿ ಹೋಗ್ತಾರ ಇವರು, ಖಾನಾವಳಿಗೆ?”

ಕಾಕು ಎಂದು ಓಣಿಯೇ ಅವರನ್ನು ಕರೆಯುತ್ತಿತ್ತು. ಆಗಲೇ ಎಪ್ಪತ್ತರ ಹತ್ತಿರ. ಗಂಡ ಸತ್ತ ಮೇಲೆ ಕರದಂಟಿನ ಕೆಲಸವನ್ನು ಒಬ್ಬರೇ ನಡೆಸಿಕೊಂಡು ಬಂದವರು. ಅಂಗಡಿಯ ಬೋರ್ಡಿನ ಮೇಲೆ ‘ಅಂಡ್ ಸನ್ಸ್’ ಎಂದು ಬರೆಸಿದ್ದರು, ಗಂಡುಮಕ್ಕಳು ಮಾತ್ರ ಇರಲಿಲ್ಲ. ಇದ್ದವಳು ಒಬ್ಬಳೇ ಮಗಳು. ಮೂಡಲಗಿಗೆ ಕೊಟ್ಟಿದ್ದರು. ಮಕ್ಕಳಾಗುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ಬಂದ ವಾರವೇ ಒಲೆಯ ಮುಂದೆ ಕೂತವಳು, ಎಂಟು ವರ್ಷದಿಂದ ಅಲ್ಲಿಂದ ಎದ್ದಿರಲಿಲ್ಲ. ತುಪ್ಪದಲ್ಲಿ ಅಂಟು ಹುರಿಯುವುದು, ಕೊಬ್ಬರಿ ಹೆರೆಯುವುದು, ಉತ್ತತ್ತಿ ಹೆಚ್ಚುವುದು, ಎಲ್ಲಕ್ಕಿಂತ ಕಷ್ಟದ್ದು ಬೆಲ್ಲದ ಪಾಕ. ಆಕೆಯ ಎರಡೂ ಮುಂಗೈಗಳ ಮೇಲೆ ಸಿಡಿದ ಪಾಕದ ಕಲೆಗಳಿದ್ದವು. ಬಹಳ ಕಮ್ಮಿ ಮಾತಿನ ಹೆಂಗಸು. ನನ್ನನ್ನು ಅತ್ತಿಗೆಯ ಲೆಕ್ಕದಲ್ಲಿ ವೈನಿ ಎನ್ನುತ್ತಿದ್ದಳು, ಅದೂ ದಿನಕ್ಕೊಮ್ಮೆ.

ಆ ವರ್ಷ ಹಿರಿಯರೆಲ್ಲ ಸೇರಿ ಒಂದು ಮಾತು ಆಡಿದ್ದರು. ಹುಕ್ಕೇರಿಯಲ್ಲಿದ್ದ ಕಾಕುವಿನ ಮೈದುನನ ಮಗನನ್ನು ದತ್ತಕ ತೆಗೆದುಕೊಳ್ಳುವುದು. ನಮ್ಮ ಜೈನರಲ್ಲಿ ದೊಡ್ಡವನನ್ನು, ಲಗ್ನವಾದವನನ್ನು ಕೂಡ ದತ್ತಕ ತೆಗೆದುಕೊಳ್ಳುವ ರೂಢಿಯುಂಟು. ಈತನಿಗೂ ಲಗ್ನವಾಗಿತ್ತು. ದೀಪಾವಳಿಯ ಪಾಡ್ಯದ ದಿನ ಆ ಮನೆಯಲ್ಲಿ ಹೊಸ ವರ್ಷದ ಮೊದಲ ಒಲೆ ಹೊತ್ತಿಸುತ್ತಿದ್ದರು. ಅಂದು ಪಾಕದ ಸಟ್ಟುಗ ಯಾರ ಕೈಯಲ್ಲಿರುತ್ತದೋ ಅವರೇ ಮನೆಯ ಯಜಮಾನರು. ಈ ಸಲ ಅದು ಹುಕ್ಕೇರಿಯವನ ಕೈಗೆ ಹೋಗುವುದಿತ್ತು. ಅವನ ಹೆಂಡತಿ ಬಂದ ಮೇಲೆ ಮಗಳಿಗೆ ಆ ಮನೆಯಲ್ಲಿ ಜಾಗ ಎಲ್ಲಿ? ಮೂಡಲಗಿಯಲ್ಲಿದ್ದ ಆಕೆಯ ಗಂಡನ ಅಣ್ಣ ತಮ್ಮ ಹಿತ್ತಿಲ ಕಡೆಯ ಒಂದು ಕೋಣೆ ಕೊಡುತ್ತೇವೆ ಎಂದಿದ್ದರಂತೆ. ಆಕೆ ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ. ಆಕೆಯನ್ನು ಯಾರೂ ಕೇಳಿರಲೂ ಇಲ್ಲ.

ಸರಿಯಾಗಿ ಅದೇ ಹೊತ್ತಿಗೆ ಸೀರಿಯಲ್ಲಿನ ರಾಜನಿಗೂ ವಯಸ್ಸಾಗಬೇಕೆ! ಅವನಿಗೂ ಒಬ್ಬಳೇ ಮಗಳು, ಅವನಿಗೂ ಒಬ್ಬ ತಮ್ಮನ ಮಗ. ಬರೆದವರು ನಮ್ಮ ಓಣಿಗೆ ಬಂದು ಕಟ್ಟೆಯ ಮೇಲೆ ಕೂತು ಬರೆದರೇನೋ ಎನ್ನಿಸಿತು. ಚಾಪೆಯ ಮೇಲೆ ಎರಡು ಪಾರ್ಟಿಗಳಾದವು. ಹೆಣ್ಣುಮಗಳು ನಾಳೆ ಇನ್ನೊಬ್ಬರ ಮನೆಗೆ ಹೋಗುವವಳು, ರಾಜ್ಯವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಾಳೇನು ಎಂದು ಒಬ್ಬರು. ಆ ತಮ್ಮನ ಮಗ ಕುದುರೆ ಹತ್ತುವಾಗ ಇಬ್ಬರು ಎತ್ತಿ ಕೂರಿಸಬೇಕು, ಅವನೇನು ರಾಜ್ಯ ಆಳುತ್ತಾನೆ ಎಂದು ಇನ್ನೊಬ್ಬರು. ಯಾರೂ ರಾಜನ ವಿಷಯ ಮಾತಾಡುತ್ತಿರಲಿಲ್ಲ. ಕಾಕುವಿನ ಮುಂದೆ ಕಾಕುವಿನ ವಿಷಯವನ್ನೇ ಮಾತಾಡುತ್ತಿದ್ದರು. ಕಾಕು ಅಡಕೆ ಕತ್ತರಿಸುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

ಆ ರವಿವಾರ ರಾಜ ತನ್ನ ನಿರ್ಣಯ ಹೇಳುವುದಿತ್ತು. ಮನೆ ಜಾತ್ರೆಯಾಗಿತ್ತು, ಬಾಗಿಲಲ್ಲೂ ಮಂದಿ ನಿಂತಿದ್ದರು. ದರ್ಬಾರು ತುಂಬಿದೆ. ಒಂದು ಬದಿಗೆ ಮಗಳು, ಇನ್ನೊಂದು ಬದಿಗೆ ತಮ್ಮನ ಮಗ. ರಾಜ ಎದ್ದ, ಎರಡೂ ಕೈಯಿಂದ ಕಿರೀಟ ತೆಗೆದು ಎತ್ತಿ ಹಿಡಿದ, ನನ್ನ ನಿರ್ಣಯ ಆಗಿದೆ ಎಂದ. ಅಷ್ಟರಲ್ಲಿ ಕರೆಂಟು ಹೋಯಿತು.

ಪರದೆಯ ನಡುವೆ ಒಂದು ಬಿಳಿ ಚುಕ್ಕೆ ಉಳಿದು ಅದೂ ಆರಿತು. ಫ್ಯಾನು ನಿಧಾನಕ್ಕೆ ನಿಂತಿತು. ಯಾರೂ ಏಳಲಿಲ್ಲ. ಕಾಕು ಅಡಕೊತ್ತು ಕೆಳಗಿಟ್ಟು ನನ್ನ ಕಡೆ ತಿರುಗಿದರು.

“ಏನಂದ ತಂಗಿ ಅವಾ? ಯಾರಿಗೆ ಕೊಟ್ಟೆ ಅಂದ?”

ರಾಜ ಯಾರ ಹೆಸರನ್ನೂ ಹೇಳಿರಲಿಲ್ಲ. ಅದನ್ನೇ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅವರ ಹಿಂದೆ ಗೋಡೆಗೆ ಒರಗಿ ಕೂತಿದ್ದ ಮಗಳು ನನ್ನ ಬಾಯನ್ನೇ ನೋಡುತ್ತಿದ್ದಳು. ಸುಳ್ಳು ಹೇಳಿದರೆ ನಾಲಗೆಗೆ ಸಾಬೂನು ಹಚ್ಚುತ್ತೇವೆ ಎನ್ನುತ್ತಿದ್ದ ಸಿಸ್ಟರ್‌ಗಳ ಕೈಯಲ್ಲಿ ಬೆಳೆದವಳು ನಾನು. ಆದರೂ ಬಾಯಿಗೆ ಬಂದದ್ದು ಬಂತು.

“ಮಗಳಿಗೆ ಕೊಟ್ಟೆ ಅಂದಾನ್ರಿ ಕಾಕು. ಕಡೀಕ ಅದನ್ನ ಅಂದಾ.”

ಹೇಳಿದ ಕೂಡಲೇ ಖಾಲಾ ನೆನಪಾದರು. ಅವರಿಗೆ ಉರ್ದು ಬರುತ್ತಿತ್ತು, ರಾಜನ ಮಾತು ಪೂರ್ತಿ ತಿಳಿದಿತ್ತು. ಖಾಲಾ ನನ್ನನ್ನೊಮ್ಮೆ ನೋಡಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು. “ಹೌದ್ರಿ,” ಎಂದರು, “ನನಗೂ ಹಂಗ ಕೇಳಿಸ್ತು.”

ಆಗ ಮಗಳು ನಕ್ಕಳು. ಎಂಟು ವರ್ಷದಲ್ಲಿ ನಾನು ಆಕೆಯ ನಗೆ ಕೇಳಿರಲಿಲ್ಲ. ಬಾಯಿಗೆ ಸೆರಗು ಅಡ್ಡ ಹಿಡಿದರೂ ನಿಲ್ಲದ, ಸಾಲಿ ಕಲಿಯುವ ಹುಡುಗಿಯಂಥ ನಗೆ. ಕಾಕುವಿನದೂ ಸೇರಿ ಹತ್ತಾರು ಮುಖಗಳು ತನ್ನ ಕಡೆ ತಿರುಗಿದ್ದು ಕಂಡು ಆಕೆಗೆ ಎಚ್ಚರವಾಯಿತು. ಒಲೆಯ ಮೇಲೆ ತುಪ್ಪ ಇಟ್ಟು ಬಂದೇನಿ ಎಂದು ಎದ್ದು ಹೋದಳು. ರವಿವಾರ ಮುಂಜಾನೆ ಆ ಮನೆಯಲ್ಲಿ ಒಲೆ ಹೊತ್ತಿಸುತ್ತಲೇ ಇರಲಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಕಾಕು ಬಾಗಿಲ ಕಡೆ ಬಹಳ ಹೊತ್ತು ನೋಡುತ್ತ ಕೂತರು. ಕತ್ತರಿಸಿದ ಅಡಕೆಯನ್ನು ಸಂಚಿಗೆ ಹಾಕುವುದನ್ನೂ ಮರೆತು ಎದ್ದು ಹೋದರು.

ಆ ವಾರವಿಡೀ ನನಗೆ ಒಂದೇ ಚಿಂತೆ. ಮುಂದಿನ ರವಿವಾರ ಹಿಂದಿನ ಕಥೆ ತೋರಿಸಿಯೇ ತೋರಿಸುತ್ತಾರೆ. ರಾಜ ತಮ್ಮನ ಮಗನಿಗೆ ಕೊಟ್ಟಿದ್ದರೆ ಏನು ಗತಿ? ಮಂಗಳವಾರ ಹುಕ್ಕೇರಿಯ ಬಸ್ಸಿಗೆ ಕಾಕುವಿನ ಮೈದುನನ ಮಗ ಬಂದದ್ದನ್ನು ಕಿಡಕಿಯಿಂದ ನೋಡಿದೆ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಾಳೆಹಣ್ಣಿನ ಚೀಲ. ಕೆಟ್ಟವನಲ್ಲ, ನನ್ನನ್ನು ಕಂಡರೆ ನಮಸ್ಕಾರ ಮಾಡುತ್ತಿದ್ದ. ಹುಕ್ಕೇರಿಯಲ್ಲಿ ಅಂದು ಕರೆಂಟು ಇತ್ತೋ ಇಲ್ಲವೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವನು ಸಂಜೆಯ ಬಸ್ಸಿಗೆ ತಿರುಗಿ ಹೋದ. ಕಾಕುವಿನ ಮನೆಯಿಂದ ಎಂದಿನ ಸದ್ದುಗಳೇ ಬರುತ್ತಿದ್ದವು.

ರವಿವಾರ ಬಂತು. ಕಾಕು ಬಂದು ತಮ್ಮ ಜಾಗದಲ್ಲಿ ಕೂತರು, ಮಗಳೂ ಬಂದಳು. ಪರದೆಯ ಮೇಲೆ ಅದೇ ದರ್ಬಾರು, ಅದೇ ರಾಜ. ಕಿರೀಟ ಮೇಲೆ ಹೋಯಿತು, ಕೆಳಗೆ ಬಂತು, ತಮ್ಮನ ಮಗನ ತಲೆಯ ಮೇಲೆ ಕೂತಿತು. ಡೋಲು, ಹೂಮಳೆ, ಹೊಗೆ. ಚಾಪೆಯ ಮೇಲಿದ್ದವರೆಲ್ಲ ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ನಿಮ್ಮ ಕಾನ್ವೆಂಟಿನಾಗ ಹಿಂದಿ ಕಲಿಸಿದ್ದಿಲ್ಲೇನ್ರಿ ಎಂದು ಯಾರೋ ಚುಚ್ಚಿದರು. ಮಗಳು ತನ್ನ ಮುಂಗೈ ನೋಡುತ್ತ ಕೂತಿದ್ದಳು. ಕಾಕು ಪರದೆಯಿಂದ ಕಣ್ಣು ಕೀಳಲಿಲ್ಲ.

“ಆಕಿ ಹೇಳಿದ್ದ ಬರೋಬರಿ ಇತ್ತು,” ಎಂದರು. “ರಾಜಾ ತಪ್ಪ ಮಾಡ್ಯಾನ.”

ಅಷ್ಟು ದೊಡ್ಡ ಅರಮನೆಯ ಅಷ್ಟು ದೊಡ್ಡ ರಾಜನನ್ನು ಒಂದೇ ಮಾತಿನಲ್ಲಿ ತೆಗೆದುಹಾಕಿ ಅವರು ಮತ್ತೆ ಅಡಕೆ ಕತ್ತರಿಸತೊಡಗಿದರು. ನಾನು ಓದಿದ ಹಿಸ್ಟರಿ ಪುಸ್ತಕಗಳಲ್ಲಿ ಇಂಥ ತೀರ್ಪು ಕೊಟ್ಟವರು ಕಡಿಮೆ.

ಎಲ್ಲರೂ ಹೋದ ಮೇಲೆ ಕಾಕು ಹಿಂದೆ ಉಳಿದರು. ನಾನು ಕ್ಷಮೆ ಕೇಳಲು ಹೋದೆ, ಕೈ ಅಡ್ಡ ಮಾಡಿ ನಿಲ್ಲಿಸಿದರು. ಹುಕ್ಕೇರಿಯಲ್ಲಿ ಕರೆಂಟು ಇತ್ತಂತೆ. ನಮ್ಮವನೇ ಗೆದ್ದ ಕಾಕು ಎಂದು ಆತ ಮಂಗಳವಾರವೇ ನಗುತ್ತ ಹೇಳಿದ್ದನಂತೆ. ಅದೇ ದಿನ, ಅದೇ ಬಾಳೆಹಣ್ಣು ಸುಲಿಯುತ್ತ, ದತ್ತಕ ಬೇಡವೆಂದು ಕಾಕು ಅವನಿಗೆ ಹೇಳಿ ಕಳಿಸಿದ್ದರು.

“ನೀ ಖರೆ ಹೇಳಿದಿ, ಸುಳ್ಳ ಹೇಳಿದಿ, ಅದಕ್ಕಲ್ಲ ತಂಗಿ. ಆವತ್ತ ನಾ ಆಕಿ ಮಾರಿ ನೋಡಿದೆ. ಎಂಟ ವರ್ಷ ಒಲಿ ಮುಂದ ಕೂತದ್ದ ನೋಡಿದ್ದೆ, ಮಾರಿ ನೋಡಿದ್ದಿಲ್ಲ.”

ಆ ಹುಡುಗನಿಗೆ ಬೇಜಾರಾಯಿತೇನು ಎಂದು ಕೇಳಿದೆ. ಕಾಕು ನಕ್ಕರು. ಬೆಲ್ಲದ ಬಿಸಿ ತನಗೆ ತಡೆಯುವುದಿಲ್ಲ, ತನ್ನ ಅಪ್ಪನಿಗೆ ಹೆದರಿ ಹ್ಞೂಂ ಅಂದಿದ್ದೆ ಎಂದು ಹೇಳಿ ಅವನೇ ನೆಮ್ಮದಿಯ ನಿಟ್ಟುಸಿರು ಬಿಟ್ಟನಂತೆ. ಹುಕ್ಕೇರಿಯ ಸಂತೆಯಲ್ಲಿ ಕರದಂಟು ಮಾರುವ ಕೆಲಸ ಅವನಿಗೆ, ಒಲೆ ಮಗಳಿಗೆ. ಅವನ ಅಪ್ಪ ಮಾತ್ರ ಸಿಟ್ಟಾಗಿ ಎರಡು ವರ್ಷ ಈ ಮನೆಯ ಹೊಸ್ತಿಲು ತುಳಿಯಲಿಲ್ಲ. ಹಿರಿಯರು ಒಬ್ಬೊಬ್ಬರಾಗಿ ಬಂದು ಬುದ್ಧಿ ಹೇಳಿದರು. ಕಾಕು ಎಲ್ಲರಿಗೂ ಚಹಾ ಕೊಟ್ಟರು, ಎಲ್ಲರ ಮಾತೂ ಕೇಳಿದರು, ತಮ್ಮದನ್ನೇ ಮಾಡಿದರು.

ಪಾಡ್ಯದ ಮುಂಜಾನೆ ಓಣಿಯ ಹೆಂಗಸರೆಲ್ಲ ಅವರ ಮನೆಗೆ ಹೋದೆವು. ಕಾಕು ಸಟ್ಟುಗವನ್ನು ತೊಳೆದು, ಅರಿಷಿಣ ಕುಂಕುಮ ಹಚ್ಚಿ, ಮಗಳ ಕೈಗೆ ಕೊಟ್ಟರು. ಕೊಟ್ಟ ಮನೆಯಿಂದ ತಿರುಗಿ ಬಂದ ಮಗಳು ಮೊದಲ ಒಲೆ ಹೊತ್ತಿಸುವುದೇ ಎಂದು ಪಿಸುಗುಟ್ಟಿದವರೂ ಇದ್ದರು, ಕರದಂಟು ಕೊಟ್ಟಾಗ ತಿಂದರು. ಆ ಸೀರಿಯಲ್ಲಿನ ರಾಜ್ಯ ಮುಂದೆ ಏನಾಯಿತೆಂದು ನನಗೀಗ ನೆನಪಿಲ್ಲ. ನನಗೆ ನೆನಪಿರುವ ಕಾರೋನೇಶನ್ ಇದೊಂದೇ.

ನಮ್ಮ ಯಜಮಾನರು ರಿಟೈರ್ ಆದ ಮೇಲೆ ನಾವು ಬೆಳಗಾವಿಗೆ ಬಂದುಬಿಟ್ಟೆವು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಕೊಣ್ಣೂರಿನಲ್ಲಿ ಒಂದು ಲಗ್ನ ಮುಗಿಸಿಕೊಂಡು ಗೋಕಾಕಕ್ಕೆ ಹೋದೆ. ಓಣಿಯಲ್ಲಿ ಮನೆಗೊಂದು ಟೀವಿ ಬಂದಿತ್ತು, ಎಲ್ಲರ ಬಾಗಿಲೂ ಮುಚ್ಚಿದ್ದವು. ಕಾಕುವಿನ ಬಾಗಿಲು ತೆರೆದಿತ್ತು. ಒಳಗೆ ದೊಡ್ಡ ಕಡಾಯಿಯಲ್ಲಿ ಪಾಕ ಕುದಿಯುತ್ತಿತ್ತು. ಮಗಳ ಕೂದಲು ಹಣ್ಣಾಗಿತ್ತು, ಕೈಕೆಳಗೆ ಮೂವರು ಹೆಂಗಸರು ಕೊಬ್ಬರಿ ಹೆರೆಯುತ್ತಿದ್ದರು. ಕಾಕು ಒಲೆಯ ಪಕ್ಕದಲ್ಲಿ ಮಣೆಯ ಮೇಲೆ, ಇಷ್ಟೇ ಇಷ್ಟಾಗಿ ಕೂತಿದ್ದರು. ನಮ್ಮಲ್ಲಿ ವಯಸ್ಸಾದವರು ನೇಮ ಹಿಡಿದು ಒಂದೊಂದೇ ಪದಾರ್ಥ ಬಿಡುತ್ತ ಬರುತ್ತಾರೆ. ಕಾಕು ಆ ವರ್ಷ ಬೆಲ್ಲ ಬಿಟ್ಟಿದ್ದರು.

ಮಗಳು ನೀರಿನ ಬಟ್ಟಲಿಗೆ ಪಾಕದ ಹನಿ ಬಿಟ್ಟು, ಗಟ್ಟಿಯಾದ ಗುಳಿಗೆಯನ್ನು ತೆಗೆದು ತಾಯಿಯ ಅಂಗೈಯಲ್ಲಿಟ್ಟಳು. ಕಾಕು ಅದನ್ನು ಎರಡು ಬೆರಳಲ್ಲಿ ತಿರುವಿ ನೋಡಿದರು.

“ಇನ್ನೊಂದ ಕುದಿ ಬರ್ಲಿ.”

“ಬ್ಯಾಡವ್ವ, ಸಾಕ,” ಎಂದಳು ಮಗಳು. ತಿರುಗಿ ಕೂಡ ನೋಡದೆ ಕಡಾಯಿಯನ್ನು ಇಳಿಸಿಬಿಟ್ಟಳು.

ಕೊಬ್ಬರಿ ಹೆರೆಯುವವರ ಕೈ ನಿಂತವು. ಆ ಮನೆಯಲ್ಲಿ ಕಾಕುವಿನ ಮಾತಿಗೆ ಎದುರು ಬಂದದ್ದನ್ನು ನಾನೂ ಅಂದೇ ಕೇಳಿದ್ದು. ಕಾಕು ತಮ್ಮ ಬೆರಳ ನಡುವಿನ ಗುಳಿಗೆಯನ್ನು ನೋಡಿದರು, ಮಗಳ ಬೆನ್ನು ನೋಡಿದರು. ಆಮೇಲೆ ಅದನ್ನು ನನ್ನ ಕೈಗೆ ಹಾಕಿ, ನಾ ಬಿಟ್ಟೇನಿ, ನೀ ತಿಂದು ಹೇಳು ಎಂದರು. ತಿಂದೆ. ಪಾಕ ಹದವಾಗಿ ಬಂದಿತ್ತು. ಹಾಗೆಂದು ಹೇಳಿದೆ.

“ಆಕಿಗೆ ತಿಳೀತೈತಿ ಬಿಡು,” ಎಂದು ಕಾಕು ಮಣೆಯನ್ನು ಒಲೆಯಿಂದ ಗೋಡೆಯ ಕಡೆಗೆ ತಾವೇ ಒಂದು ಮೊಳ ಸರಿಸಿಕೊಂಡು ಆರಾಮಾಗಿ ಒರಗಿದರು. ನಮ್ಮ ಜೈನರ ನೇಮದಂತೆ ಹೊತ್ತು ಮುಳುಗುವುದರೊಳಗೆ ಅವರ ಊಟವಾಗಬೇಕಿತ್ತು. ಮಗಳು ಕೈ ತೊಳೆದು ತಾಟು ತಂದಿಟ್ಟಳು. ನನ್ನ ಬಸ್ಸಿಗೆ ಹೊತ್ತಾಗಿತ್ತು. ಬಾಗಿಲಲ್ಲಿ ನಿಂತು ಬರ್ತೇನ್ರಿ ಕಾಕು ಎಂದೆ. ಬಾಯಲ್ಲಿ ತುತ್ತಿತ್ತು, ಎಡಗೈ ಎತ್ತಿ ಹೋಗಿ ಬಾ ಎಂದು ತೋರಿಸಿದರು. ಅವರನ್ನು ಕಂಡದ್ದು ಅದೇ ಕಡೆಯ ಸಲ.