ಚಪ್ಪಾಳೆ ಬಿದ್ದರೆ ಕೆಲಸ ಹೋಯಿತು

ಆಣೆ ಮಾಡಿ ಹೇಳುವ ಮಾತಿದು, ಗುಲಗಂಜಿಯಷ್ಟೂ ಸುಳ್ಳಿಲ್ಲ: ಬೆಳಗಿನ ಐದೂವರೆಗೆ ಮೂರನೇ ಮಹಡಿಯ ತಾರಸಿಯಲ್ಲಿ ಅರವತ್ತೊಂದು ವರ್ಷದ ಒಬ್ಬ ಮನುಷ್ಯ ನೀರಿನ ಟ್ಯಾಂಕಿಗೆ ಬೈಯುತ್ತಿದ್ದಾನೆ. "ಏಯ್ ಗುಡಾಣ! ನಮ್ಮ ಬಂಡೆ ಮುಂದೆ ನಿಲ್ಲೋ ಯೋಗ್ಯತೆ ಇದೆಯೇನೋ ನಿಂಗೆ?" ಆ ಗಂಟಲಿಗೆ ಹೆದರಿ ಈ ಬೀದಿಯ ಪಾರಿವಾಳಗಳೆಲ್ಲ ಎರಡು ಬೀದಿ ಆಚೆ ಮನೆ ಮಾಡಿವೆ.

"ರೀ, ಟ್ಯಾಂಕು ಅಳೋಕೆ ಶುರು ಮಾಡ್ತು, ಸಾಕು ಬನ್ನಿ," ಕೆಳಗಿನಿಂದ ಹೆಂಡತಿ ಕೂಗುತ್ತಾಳೆ.

ಬೀದಿಯವರಿಗೆ ಆತ ಗಂಟಲಣ್ಣ. ಸೋಲು ಗೆಲುವು ಮೊದಲೇ ನಿಶ್ಚಯವಾಗಿರುವ ಪ್ರದರ್ಶನ ಕುಸ್ತಿಯಲ್ಲಿ ಮ್ಯಾನೇಜರ್. ಅವನ ಪೈಲ್ವಾನ ಬಂಡೆ, ಅಖಾಡದ ಖಳ. ನೂರಾ ಮೂವತ್ತು ಕಿಲೋ ಆಳು, ನಾಲ್ಕು ಜನರೆದುರು ಹೆಸರು ಹೇಳಲೂ ನಾಚುತ್ತಾನೆ. ಅವನ ಪರವಾಗಿ ಜಂಬ ಕೊಚ್ಚುವುದು, ರೆಫರಿಯ ಕಣ್ಣು ತಪ್ಪಿಸಿ ಎದುರಾಳಿಯ ಕಾಲೆಳೆಯುವುದು, ಜನರಿಂದ ಉಗಿಸಿಕೊಳ್ಳುವುದು ಗಂಟಲಣ್ಣನ ಪಾಲು. ಇಪ್ಪತ್ತೇಳು ವರ್ಷ, ವಾರಕ್ಕೆರಡು ಆಟ. ಹೋದದ್ದು ಮೂರು ಹಲ್ಲು, ಮುರಿದದ್ದು ಒಂದು ಪಕ್ಕೆಲುಬು. "ಜನ ನನ್ನ ಬೈದಷ್ಟೂ ಟಿಕೆಟ್ ಹೋಗುತ್ತೆ. ಬಂಡೆ ಮನೆ ಒಲೆ ಉರಿಯೋದು ನನ್ನ ಬಾಯಿಂದ."

ಎಡವಟ್ಟಾದದ್ದು ಹೋದ ವಾರ. ಜನರ ಮುದ್ದಿನ ಪೈಲ್ವಾನ ಮಿಂಚು ಹಗ್ಗದಾಚೆ ಬಿದ್ದು ನಿಜಕ್ಕೂ ಕುತ್ತಿಗೆ ಉಳುಕಿಸಿಕೊಂಡ. ಬೆತ್ತದಲ್ಲಿ ಬಾರಿಸಬೇಕಿದ್ದ ಗಂಟಲಣ್ಣ ಬೆತ್ತ ಬಿಸಾಡಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಇಡೀ ಸಭಾಂಗಣ ಎದ್ದು ಚಪ್ಪಾಳೆ ತಟ್ಟಿತು. ಮರುದಿನವೇ ಆಯೋಜಕರ ಕರೆ: "ಜನಕ್ಕೆ ನಿಮ್ಮ ಮೇಲೆ ಪ್ರೀತಿ ಬಂದ್ರೆ ನೀವು ನಮಗೆ ದಂಡ. ಇನ್ನೊಂದ್ಸಲ ಚಪ್ಪಾಳೆ ಬಿದ್ರೆ ಮನೇಲಿರಿ."

ಇಂದು ಸಂಜೆ ಆ ಪರೀಕ್ಷೆ. ಗಂಟಲಣ್ಣ ಒಳಬರುತ್ತಲೇ ಮೊದಲ ಸಾಲಿನ ಅಜ್ಜಿ, "ಒಳ್ಳೇ ಮನುಷ್ಯ ಕಣಪ್ಪಾ!" ಎನ್ನುತ್ತಾಳೆ. ಅಲ್ಲಲ್ಲಿ ಕೈಗಳು ತಟ್ಟಲು ಮೇಲೇಳುತ್ತವೆ. ಬಂಡೆಯ ಮುಖ ಬಿಳಿಚಿಕೊಳ್ಳುತ್ತದೆ. ಗಂಟಲಣ್ಣ ಮೈಕು ಕಸಿದುಕೊಳ್ಳುತ್ತಾನೆ.

"ಅವತ್ತು ತಲೆ ಯಾಕೆ ಹಿಡಿದೆ ಗೊತ್ತಾ? ಒಳಗೆ ಏನಾದ್ರೂ ಇದೆಯಾ ಅಂತ ಅಲ್ಲಾಡಿಸಿ ನೋಡ್ದೆ. ಖಾಲಿ! ಚಪ್ಪಾಳೆ ತಟ್ಟಿದ್ರಲ್ಲ, ನಿಮ್ಮದೂ ಅಷ್ಟೇ!"

ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಅಖಾಡದ ಪಕ್ಕ ಕೂತಿದ್ದ ಮಿಂಚು ಗಂಟಲಣ್ಣನಿಗೊಬ್ಬನಿಗೇ ಕಾಣುವಂತೆ ಕಣ್ಣು ಹೊಡೆದು, ಎಲ್ಲರಿಗಿಂತ ಮೊದಲು "ಥೂ!" ಎನ್ನುತ್ತಾನೆ. ಆಮೇಲೆ ನೋಡಿ, ಸೂರು ಹಾರಿಹೋಗುವಂಥ ಛೀಮಾರಿ. ಅಜ್ಜಿಯ ಚಪ್ಪಲಿ ನೇರ ಹಣೆಗೇ ಬಂದು ಬಡಿಯುತ್ತದೆ.

ಪರದೆಯ ಹಿಂದೆ ಹೆಂಡತಿ ಬುಗುಟಿಗೆ ಐಸ್ ಒತ್ತುತ್ತಿದ್ದಾಳೆ, ಆತನ ಎದೆ ಉಬ್ಬಿದೆ. "ಇಪ್ಪತ್ತೇಳು ವರ್ಷದಲ್ಲಿ ಇಷ್ಟು ಚೆನ್ನಾಗಿ ಯಾರೂ ಉಗಿದಿರ್ಲಿಲ್ಲ ಕಣೇ."

ಈ ಪತ್ರಿಕೆ ಓದುವ ನಿಮಗೆ ಅವನದೊಂದೇ ಬೇಡಿಕೆ: "ನೀವೂ ಬನ್ನಿ, ಎಸೀರಿ. ಆದ್ರೆ ಎಸೆಯೋದಾದ್ರೆ ಎರಡೂ ಕಾಲಿಂದು ಎಸೀರಿ, ಒಂಟಿ ಚಪ್ಪಲಿ ಕಟ್ಕೊಂಡು ಏನ್ ಮಾಡ್ಲಿ? ನಂದು ಎಂಟನೇ ನಂಬರು."