ಸೂಜಿ ನಡೆದ ದಾರಿ

ಬೀದರಿನ ಪ್ರಯೋಗಾಲಯವೊಂದರಲ್ಲಿ ಇಪ್ಪತ್ತು ವರ್ಷ ಬೇರೆಯವರ ರಕ್ತ ನೋಡಿದ್ದೇನೆ. ರಕ್ತಕ್ಕೆ ಹೆದರುವವಳು ನಾನಲ್ಲ. ಮೀಸೆ ತಿರುವುತ್ತಾ ಬಂದು, ಸೂಜಿ ಕಂಡೊಡನೆ ಕಣ್ಣು ತೇಲಿಸುವ ಗಂಡಸರನ್ನು ನೋಡಿದರೆ ನನಗೆ ನಗು. ಆದರೆ ಆ ಬರದ ವರ್ಷ ಭಾಲ್ಕಿ, ಔರಾದ ಕಡೆಯ ಹಳ್ಳಿಗಳಿಂದ ರಕ್ತ ತಂದಾಗ ನಾನು ಹೆದರಿದೆ.

ರಕ್ತದಿಂದ ರಕ್ತಕ್ಕೆ ದಾಟಿ ಲಿವರನ್ನು ಸದ್ದಿಲ್ಲದೆ ತಿನ್ನುವ ಒಂದು ವೈರಸ್ ಊರೂರಲ್ಲಿ ಎಷ್ಟು ಜನರ ರಕ್ತದಲ್ಲಿದೆ ಎಂದು ಪತ್ತೆ ಹಚ್ಚುವುದು ನಮ್ಮ ಕೆಲಸ. ಅದು ಹತ್ತಾರು ವರ್ಷ ಮೈಯಲ್ಲಿದ್ದರೂ ನೋವಿಲ್ಲ, ಜ್ವರವಿಲ್ಲ. ಪಿಸಿಆರ್ ಯಂತ್ರ ವೈರಸ್ಸಿನ ಚೂರೊಂದನ್ನು ಲಕ್ಷಾಂತರ ಪಟ್ಟು ಹೆಚ್ಚಿಸಿ ತೋರಿಸುತ್ತದೆ. ರಕ್ತದಲ್ಲಿ ಅದು ಇದ್ದರೆ ಪರದೆಯ ಮೇಲಿನ ಗೆರೆ ಏಳುತ್ತದೆ, ಇಲ್ಲದಿದ್ದರೆ ಮಲಗಿಯೇ ಇರುತ್ತದೆ.

ಜನವಾಡ ದಾಟಿ ಔರಾದ ಕಡೆ ಹೋದರೆ ಓಣಿ ಓಣಿಗೆ ಬೀಗ. ದುಡಿಯುವವರೆಲ್ಲ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದರು. ನಮ್ಮ ಜೀಪು ಕಂಡು ನಾಯಿಗಳು ಕೂಡ ಬೊಗಳಲಿಲ್ಲ. ಊರಲ್ಲಿ ಉಳಿದವರು ನಾನು ಕೇಳುವ ಮೊದಲೇ ತೋಳು ಚಾಚಿದರು. ಕಣ್ಣು ಕಾಣದ ಮುದುಕಿಯೊಬ್ಬಳು ನನ್ನ ಬೆರಳುಗಳನ್ನು ಒಂದೊಂದಾಗಿ ತಡವಿದಳು.

"ಈ ಕೈ ನನಗ ಗುರ್ತದ. ಹಿಂದ ಒಮ್ಮಿ ಬಂದಿತ್ತು," ಎಂದಳು.

"ಇಲ್ರಿ ಆಯಿ, ಈ ಊರಿಗೆ ನಾ ಇದೇ ಮೊದ್ಲು ಬಂದೀನಿ."

"ಬಂದಿತ್ತು," ಎಂದು ಮುದುಕಿ ತೋಳನ್ನು ನನ್ನ ಮಡಿಲಿಗಿಟ್ಟಳು.

ಯಂತ್ರದಲ್ಲಿ ಗೆರೆಗಳು ಒಂದರ ಹಿಂದೊಂದು ಎದ್ದವು. ಗೆರೆ ಎದ್ದವರೆಲ್ಲರೂ ಐವತ್ತು ದಾಟಿದವರು. ಹೆಚ್ಚಿನ ಪರೀಕ್ಷೆಗೆಂದು ಬೆಂಗಳೂರಿಗೆ ಕಳಿಸಿದ ರಕ್ತದ ವರದಿ ಬಂತು. ಭಾಲ್ಕಿ ಕಡೆಯವರ ವೈರಸ್ಸೂ ಔರಾದ ಕಡೆಯವರ ವೈರಸ್ಸೂ ಒಂದೇ ಬೇರಿನವು. ಒಬ್ಬರ ಮುಖ ಒಬ್ಬರು ಕಂಡಿರದ ಜನರ ಮೈಯೊಳಗೆ ಒಂದೇ ವಂಶ ವಾಸವಾಗಿತ್ತು. ನಮ್ಮ ಡಾಕ್ಟರು ಗೋಡೆಯ ನಕಾಶೆಯಲ್ಲಿ ಊರೂರಿಗೆ ಕೆಂಪು ಗುಂಡುಪಿನ್ನು ಚುಚ್ಚುತ್ತಾ, "ಯಾವುದೋ ಒಂದು ಕೈ ಇಷ್ಟೂ ಊರು ತಿರುಗ್ಯದ. ಯಾರದಂತ ತಿಳಿವಲ್ದು," ಎಂದರು.

ನನಗೆ ತಿಳಿಯಿತು. ಆ ಊರುಗಳ ಹೆಸರನ್ನು ನಾನು ಚಿಕ್ಕಂದಿನಲ್ಲಿ ಅದೇ ಸಾಲಿನಲ್ಲಿ ದಿನವೂ ಕೇಳಿದ್ದೆ. ಅದು ಅಪ್ಪ ಸೈಕಲ್ ಮೇಲೆ ತಿರುಗುತ್ತಿದ್ದ ದಾರಿ.

ಅಪ್ಪ ಕಂಪೌಂಡರ್. ನಾನು ಸಣ್ಣವಳಿದ್ದಾಗಿನ ದೊಡ್ಡ ಬರದಲ್ಲಿ, ಗುಳೆ ಹೊರಡುವ ಮುನ್ನ ಮನೆಮಂದಿಯೆಲ್ಲ ಸಾಲಾಗಿ ಕೂತು ತಾಕತ್ತಿನ ಸೂಜಿ ಮಾಡಿಸಿಕೊಳ್ಳುವುದು ವಾಡಿಕೆಯಾಗಿತ್ತು. ಪರಊರಲ್ಲಿ ಮೈ ಸೋಲಬಾರದಲ್ಲ. ಅಪ್ಪನ ಬಳಿ ಇದ್ದದ್ದು ಗಾಜಿನ ಸಿರಿಂಜು ಒಂದು, ಸೂಜಿ ಎರಡು. ಅವರ ಕೈ ನೋಯಿಸುವುದೇ ಇಲ್ಲ ಎಂದು ಜನ ಹೊಗಳುತ್ತಿದ್ದರು. ಆ ಉದ್ದ ಬೆರಳುಗಳೇ ನನಗೂ ಬಂದಿವೆ.

ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಅಪ್ಪನ ಮಾನ ಉಳಿಯುತ್ತಿತ್ತು. ಆದರೆ ಆ ಹಳೆಯ ಬರದಲ್ಲಿ ಊರು ಬಿಟ್ಟ ಎಷ್ಟೋ ಮಂದಿ ಪುಣೆ, ಹೈದರಾಬಾದಿನಲ್ಲೇ ನೆಲೆಸಿದ್ದರು. ಲಿವರ್ ಪೂರ್ತಿ ಕೆಡುವ ಮುಂಚೆ ಅವರನ್ನು ಹುಡುಕಿದರೆ ಮೂರು ತಿಂಗಳ ಗುಳಿಗೆಯಲ್ಲಿ ವಾಸಿಯಾಗುತ್ತಿತ್ತು. ಅವರು ಯಾರ್ಯಾರು ಎಂಬುದು ಎಂಬತ್ತು ದಾಟಿದ ಅಪ್ಪನಿಗೆ ಮಾತ್ರ ಗೊತ್ತು. ಎರಡು ದಿನ ನನಗೆ ಊಟ ಸೇರಲಿಲ್ಲ. ಮೂರನೆಯ ದಿನ ಬೀದರಿನ ಚಿದ್ರಿ ಬಡಾವಣೆಯ ನಮ್ಮ ಮನೆಯಲ್ಲಿ ಅವರೆದುರು ಕೂತೆ.

"ಆ ಬರದಾಗ ಸೂಜಿ ಕುದಸ್ತಿದ್ರೇನ್ರಿ ಅಪ್ಪಾ?"

"ಮೊದ್ಲು ಪ್ರತಿ ಮನ್ಯಾಗ ಒಂದು ತಂಬಗಿ ನೀರು ಕೇಳಿ ಒಲಿ ಮ್ಯಾಲ ಕುದಸ್ತಿದ್ದೆ. ಆ ವರ್ಷ ಕುಡಿಲಿಕ್ಕೇ ನೀರಿಲ್ಲ. ಹೆಣ್ಮಕ್ಕಳು ಬಾವ್ಯಾಗ ಇಳಿದು ಬಟ್ಟಲದಾಗ ತುಂಬ್ಕೊಂಡು ಬರ್ತಿದ್ರು. ಅಂಥವ್ರಿಗಿ ಹ್ಯಾಂಗ ಕೇಳ್ಲಿ? ನಾಚಿಕಿ ಬಂತು. ಸ್ಪಿರಿಟ್ ಹಚ್ಚಿದ ಹತ್ತಿಲಿಂದ ಒರಸ್ತಿದ್ದೆ."

ಆ ಸಂಕೋಚ ನನಗೆ ಅರ್ಥವಾಯಿತು. ಅರ್ಥವಾದದ್ದಕ್ಕೇ ಸಿಟ್ಟು ಬಂತು. ಆ ಊರುಗಳ ಜನರ ರಕ್ತದಲ್ಲಿ ಏನು ಸಿಕ್ಕಿದೆ ಎಂದು ಹೇಳಿದೆ, ಅಷ್ಟೇ.

"ಬರ್ಕೋ," ಎಂದು ಅಪ್ಪ ಕಣ್ಣು ಮುಚ್ಚಿದರು. ಊರು ಊರಾಗಿ, ಬಾಗಿಲು ಬಾಗಿಲಾಗಿ ಹೇಳುತ್ತಾ ಹೋದರು. ಯಾರದು ಬಲತೋಳು, ಯಾರದು ಎಡತೋಳು ಎಂಬುದೂ ನೆನಪಿತ್ತು. ಸತ್ತವರನ್ನೂ ಬಿಡಲಿಲ್ಲ. ಆ ಸಣ್ಣ ಕೋಣೆಯಲ್ಲಿ ಜನ ಬಂದು ಬಂದು ಕೂತಂತೆ ಅನಿಸಿ ನಾನು ಎರಡು ಸಲ ಹಿಂದೆ ತಿರುಗಿ ನೋಡಿದೆ.

"ಕಡೀಕ ನೀ," ಎಂದರು. "ಆ ವರ್ಷ ನಿನಗ ಜ್ವರ ಬಂದಿದ್ವು. ನಮ್ಮ ಮನ್ಯಾಗೂ ನೀರಿರಲಿಲ್ಲ."

ಇಪ್ಪತ್ತು ವರ್ಷದಲ್ಲಿ ನನ್ನ ರಕ್ತವನ್ನು ಆ ಯಂತ್ರಕ್ಕೆ ಒಮ್ಮೆಯೂ ಇಟ್ಟಿರಲಿಲ್ಲ. ಮರುದಿನ ಇಟ್ಟೆ. ಗೆರೆ ಎದ್ದಿತು. ನಾನು ವೈರಸ್ ಹುಡುಕುತ್ತಾ ಊರೂರು ತಿರುಗಿದಾಗೆಲ್ಲ ಅದು ನನ್ನ ಜೊತೆಯಲ್ಲೇ ಜೀಪಿನಲ್ಲಿ ಕೂತು ಬಂದಿತ್ತು.

ಪಟ್ಟಿಯನ್ನು ಡಾಕ್ಟರಿಗೆ ಕೊಟ್ಟೆ, ಸೂಜಿ ಮಾಡಿದವರು ಯಾರೆಂದೂ ಹೇಳಿದೆ. ಊರು ಬಿಟ್ಟವರಿಗೆ ಫೋನುಗಳು ಹೋಗತೊಡಗಿದವು. ಅಪ್ಪನಿಗೆ ಮಾತ್ರ ನನ್ನ ರಕ್ತದಲ್ಲಿ ಏನೂ ಇಲ್ಲವೆಂದೆ. ನನ್ನ ಗುಳಿಗೆಗಳನ್ನು ಕ್ಯಾಲ್ಸಿಯಂ ಡಬ್ಬಿಗೆ ಸುರಿದು ಕಪಾಟಿನಲ್ಲಿಟ್ಟೆ.

ಒಂದು ಸಂಜೆ ಮನೆಗೆ ಬಂದಾಗ ಅಪ್ಪ ಕಿಟಕಿಯ ಬೆಳಕಿಗೆ ಒಂದು ಗುಳಿಗೆ ಹಿಡಿದು, ಅದರ ಮೇಲಿನ ಅಕ್ಷರ ಓದುತ್ತಾ ನಿಂತಿದ್ದರು.

"ಕ್ಯಾಲ್ಸಿಯಂ ಅದರಿ," ಎಂದೆ.

ಅವರು ನನ್ನ ಮುಖ ನೋಡಲಿಲ್ಲ. ಗುಳಿಗೆಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

"ದಿನಾ ಒಂದೇ ಟೈಮಿಗಿ ತಗೋ," ಎಂದರು. "ಒಂದು ದಿನಾನೂ ತಪ್ಪಸಬ್ಯಾಡ."