ಕಾಲಿಡುವ ಜಾಗ

ನಮ್ಮ ಮನೆಯ ಮುಂದೆ ನಿಂತಿರುವ ಮೋಟರ್ ಸೈಕಲ್ಲನ್ನು ಹೊಗಳುವವರೆಲ್ಲ ಗೇಟಿನ ಕಡೆಯಿಂದ, ಅಂದರೆ ಅದರ ಬಲಗಡೆಯಿಂದ ಹೊಗಳುತ್ತಾರೆ. ಸರಸ್ವತಿ ನಗರದಲ್ಲಿ ಬೆಳಗಿನ ವಾಕಿಂಗಿಗೆ ಹೊರಟ ನಿವೃತ್ತರಿಗೆ ನಮ್ಮ ಗೇಟು ಈಗ ಒಂದು ತಂಗುದಾಣ. ಟ್ಯಾಂಕಿನಲ್ಲಿ ಮುಖ ನೋಡಿಕೊಂಡು ಮೀಸೆ ತೀಡಿಕೊಂಡವರೂ ಇದ್ದಾರೆ. ಆದರೆ ಯಾರಾದರೂ ಸುತ್ತು ಹಾಕಿ ಎಡಗಡೆಗೆ ಬಂದರೆ ನನಗೆ ಇರುಸುಮುರುಸು. ಅಲ್ಲಿ ಹಿಂದೆ ಕೂತವರು ಕಾಲಿಡಲು ಹಸಿರು ಬಣ್ಣದ ಕಬ್ಬಿಣದ ಮೆಟ್ಟೊಂದಿದೆ. ‘ಇದೂ ಒರಿಜಿನಲ್ಲಾ ಸಾರ್?’ ಎಂದು ಕೇಳುತ್ತಾರೆ. ಅಲ್ಲ. ಒರಿಜಿನಲ್ಲನ್ನು ನಾನು ಗುಜರಿಗೆ ಹಾಕಿದೆ.

ಗಾಡಿಯ ಹೆಸರು ಬೇಡ. ಕಿಕ್ ಹೊಡೆದ ಕಡ್ಡಿಯನ್ನೇ ಮುಂದಕ್ಕೆ ಹೊರಳಿಸಿ ಗೇರು ಮಾಡಿಕೊಳ್ಳುವ, ಎರಡು ಸೈಲೆನ್ಸರಿನ ಗಾಡಿ ಎಂದರೆ ನನ್ನ ವಾರಿಗೆಯವರಿಗೆ ಸಾಕು. ನಾನು ಹರಿಹರದ ಒಂದು ಕಾಲೇಜಿನಲ್ಲಿ ಕನ್ನಡದ ಮೇಷ್ಟ್ರಾಗಿದ್ದೆ. ಮನೆ ದಾವಣಗೆರೆಯಲ್ಲಿ. ಹೆಂಡತಿ ಗಿರಿಜಾಳ ತವರು ಹರಿಹರದ ಪಕ್ಕದ ಗುತ್ತೂರು. ಹೀಗಾಗಿ ನೌಕರಿಯೂ ನಂಟಸ್ತನವೂ ಒಂದೇ ರಸ್ತೆಯಲ್ಲಿ ನಡೆದುಹೋದವು. ವಾರವಿಡೀ ಒಬ್ಬನೇ ಹೋಗುತ್ತಿದ್ದ ದಾರಿಯಲ್ಲಿ ಭಾನುವಾರ ಇಬ್ಬರೂ ಹೋಗುತ್ತಿದ್ದೆವು. ಆಮೇಲೆ ಸ್ಕೂಟರ್ ಬಂತು. ಮೋಟರ್ ಸೈಕಲ್ಲು ಮಹಡಿ ಮೆಟ್ಟಿಲಿನ ಕೆಳಗೆ ತಾಡಪಾಲು ಹೊದ್ದು ಮಲಗಿತು. ಅದರ ಸೀಟಿನ ಮೇಲೆ ಬೀದಿಯ ಬೆಕ್ಕೊಂದು ಎಷ್ಟೋ ಬಾಣಂತನ ಮುಗಿಸಿತು.

ನಿವೃತ್ತನಾದ ಮೇಲೆ ಜನ ಕಾಶಿಗೆ ಹೋಗುತ್ತಾರೆ, ಶುಗರ್ ಟೆಸ್ಟಿಗೆ ಹೋಗುತ್ತಾರೆ. ನಾನು ಮೆಟ್ಟಿಲಿನ ಕೆಳಗೆ ಹೋದೆ. ತಾಡಪಾಲು ಸರಿಸಿ, ಗಿರಿಜಾಳನ್ನು ಕರೆದು, ‘ಇದನ್ನು ಹೊಚ್ಚ ಹೊಸದು ಮಾಡ್ತೀನಿ. ಮೊದಲ ಸವಾರಿ ನಿನ್ನ ತವರಿಗೆ, ನಾವಿಬ್ಬರೇ’ ಎಂದು ಘೋಷಿಸಿದೆ. ಅವಳು ಸೆರಗಿನಿಂದ ಸೀಟಿನ ಧೂಳು ಒರೆಸಿ, ‘ಹೊಸದು ಯಾಕ್ರಿ, ಓಡಿದ್ರೆ ಸಾಕು’ ಎಂದಳು. ಆ ಮಾತನ್ನು ಅಲ್ಲೇ ಹಿಡಿದುಕೊಂಡಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಬಿಚ್ಚುವುದರಲ್ಲಿ ಒಂದು ಸುಖವಿದೆ. ನಲವತ್ತು ವರ್ಷ ಒಂದಾಗಿದ್ದದ್ದು ಒಂದು ಸ್ಪ್ಯಾನರಿಗೆ ಬಿಡಿಬಿಡಿಯಾಗುತ್ತದೆ, ಬಿಚ್ಚಿದವನು ಬುದ್ಧಿವಂತನಂತೆ ಕಾಣುತ್ತಾನೆ. ಜೋಡಿಸುವಾಗ ಬುದ್ಧಿವಂತಿಕೆ ಎಷ್ಟಿತ್ತೆಂದು ತಿಳಿಯುತ್ತದೆ. ನಟ್ಟು ಬೋಲ್ಟುಗಳು ಚಕ್ಕುಲಿ ಡಬ್ಬಿ ಸೇರಿದವು. ಕಾರ್ಬುರೇಟರು ಹಾಲು ಕಾಯಿಸುವ ಬೋಗುಣಿಯಲ್ಲಿ ಕುದಿಯಿತು. ಅದು ಗೊತ್ತಾದ ದಿನ ಗಿರಿಜಾ ಬೋಗುಣಿಯನ್ನೇ ನನ್ನ ಪಾಲಿಗೆ ಬಿಟ್ಟುಕೊಟ್ಟು, ಇನ್ನೊಂದು ತಂದುಕೊಂಡಳು. ತುಕ್ಕು ತೆಗೆಯಲು ಹುಣಸೆಹಣ್ಣು ಕೊಟ್ಟಳು. ಕತ್ತಲೆ ಮೂಲೆಯಲ್ಲಿ ನನಗೆ ಬ್ಯಾಟರಿ ಹಿಡಿದಳು. ‘ಎಲ್ಲಿಗೆ ಬಂತ್ರಿ ಗುತ್ತೂರು?’ ಎಂದು ಆಗಾಗ ಕೇಳುವಳು. ‘ಇನ್ನೇನು, ಬಾಡಾ ಕ್ರಾಸ್ ದಾಟಿದ್ವಿ’ ಎನ್ನುತ್ತಿದ್ದೆ. ಅದು ನಮ್ಮ ನಡುವಿನ ತಮಾಷೆ.

ಇಲ್ಲಿ ನನ್ನ ವಿದ್ಯೆಯ ವಿಷಯ ಹೇಳಲೇಬೇಕು. ಕಾಲೇಜಿನಲ್ಲಿ ನಾನು ಗ್ರಂಥ ಸಂಪಾದನೆ ಕಲಿಸುತ್ತಿದ್ದವನು. ಹಳೆಯ ಓಲೆಗರಿಯನ್ನು ಪ್ರತಿ ಮಾಡಿದವರು ತಮ್ಮ ಕಡೆಯಿಂದಲೂ ನಾಲ್ಕು ಪದ್ಯ ಸೇರಿಸಿಬಿಡುತ್ತಿದ್ದರು. ಅಂಥವನ್ನು ಪ್ರಕ್ಷಿಪ್ತವೆಂದು ಗುರುತಿಸಿ, ಹೊರಗಿಟ್ಟು, ಕವಿ ಬರೆದ ಮೂಲವನ್ನು ಹೊರತೆಗೆಯುವುದು ಸಂಪಾದಕನ ಧರ್ಮ. ಮಕ್ಕಳು ಆಕಳಿಸುತ್ತಿದ್ದರೂ ಬಿಡದೆ ಇದನ್ನು ಬೋಧಿಸಿದ್ದೇನೆ. ಮೋಟರ್ ಸೈಕಲ್ ಬಿಚ್ಚಿಟ್ಟುಕೊಂಡಾಗ ಇಡೀ ಜೀವಮಾನದ ವಿದ್ಯೆ ಕೈಗೆ ಬಂತು. ಹಳೆಯ ಗಾಡಿಯವರ ವಾಟ್ಸಾಪ್ ಗುಂಪೊಂದಕ್ಕೆ ಸೇರಿಕೊಂಡೆ. ಅಲ್ಲಿಯ ಪಂಡಿತರು ನಮ್ಮ ವಿಶ್ವವಿದ್ಯಾಲಯದ ಪಂಡಿತರಿಗಿಂತ ಕಠೋರರು. ಒಂದು ಸ್ಕ್ರೂವಿನ ತಲೆ ಚಪ್ಪಟೆಯೋ ಗುಂಡೋ ಎಂದು ವಾರಗಟ್ಟಲೆ ಜಗಳವಾಡುವವರು. ನಾನು ಫೋಟೋ ಹಾಕಿದ ಕೂಡಲೆ ಒಬ್ಬರು ತೀರ್ಪು ಕೊಟ್ಟರು: ‘ಸೀರೆ ಗಾರ್ಡು, ಲೇಡೀಸ್ ಫುಟ್‌ರೆಸ್ಟು ಎರಡೂ ತೆಗೀರಿ ಸಾರ್. ಕಂಪನಿಯಿಂದ ಬಂದದ್ದಲ್ಲ.’

ಹಿಂದಿನ ಚಕ್ರಕ್ಕೆ ಸೀರೆ ಸಿಕ್ಕದಂತೆ ಅಡ್ಡಗಟ್ಟುವ ಜಾಳಿಗೆ, ಒಂದೇ ಕಡೆ ಕಾಲು ಹಾಕಿ ಕೂರುವ ಹೆಂಗಸರಿಗೊಂದು ಕಾಲುಮೆಟ್ಟು. ಇವು ನಮ್ಮ ದೇಶದ ಗಾಡಿಗಳಿಗೆ ಆಮೇಲೆ ಸೇರಿದ ಪದ್ಯಗಳು. ನಮ್ಮ ಗಾಡಿಗಂತೂ ಮದುವೆಯ ನಂತರ ಸೇರಿದ್ದವು, ಅದೂ ಮಾವನವರ ಕೈಯಿಂದ. ಮದುವೆಯಾಗಿ ಮೊದಲ ಸಲ ಗುತ್ತೂರಿಗೆ ಹೋದ ಮರುದಿನ ಎದ್ದು ನೋಡಿದರೆ ಅಂಗಳದಲ್ಲಿ ಗಾಡಿಯೇ ಇರಲಿಲ್ಲ. ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮಾವನವರು ಅದನ್ನು ಹರಿಹರಕ್ಕೆ ತಳ್ಳಿಕೊಂಡು ಹೋಗಿ, ವೆಲ್ಡಿಂಗ್ ಮಾಡಿಸಿ, ಕಾರ್ಖಾನೆಯ ಯಂತ್ರಗಳಿಗೆ ಬಳಿಯುವ ಹಸಿರು ಬಣ್ಣ ಬಳಿದು ಸಂಜೆಗೆ ತಂದರು. ‘ಹುಡುಗಿ ಕಾಲು ತೇಲಾಡ್ತಿತ್ತು ಅಳಿಯಂದ್ರೆ. ಅದಕ್ಕ ಒಂದೀಟು ಮ್ಯಾಲೆ ಮಾಡ್ಸೀನಿ’ ಎಂದರು. ಗಿರಿಜಾ ಕುಳ್ಳಿ. ಅಂಗಡಿಯಲ್ಲಿ ಸಿಗುವ ಮೆಟ್ಟು ಅವಳ ಕಾಲಿಗೆ ನಿಲುಕುವಂತಿರಲಿಲ್ಲ.

ಕೆಂಪು ಗಾಡಿಗೆ ಹಸಿರು ಮೆಟ್ಟು. ನನಗೆ ಅದು ಅಂದೇ ಹಿಡಿಸಿರಲಿಲ್ಲ. ಮಾವನವರ ಎದುರು ಬಾಯಿ ಬಿಡುವಂತಿರಲಿಲ್ಲ, ನುಂಗಿಕೊಂಡಿದ್ದೆ. ಈಗ ನಿಜ ಹೇಳುತ್ತೇನೆ: ಮೂಲಪಾಠ, ಪ್ರಕ್ಷಿಪ್ತ ಎಲ್ಲ ಬರಿಯ ನೆಪ. ಆ ಹಸಿರು ಬಣ್ಣವನ್ನು ಕಿತ್ತು ಹಾಕಲು ಶಾಸ್ತ್ರದ ಬೆಂಬಲ ಸಿಕ್ಕಿತೆಂದು ಒಳಗೊಳಗೇ ಖುಷಿಪಟ್ಟೆ. ಗಿರಿಜಾ ತವರಿಗೆ ಹೋದ ಒಂದು ದಿನ ಹಳೇ ಕಬ್ಬಿಣದವನ ಗಾಡಿ ಬೀದಿಗೆ ಬಂತು. ಜಾಳಿಗೆ, ಮೆಟ್ಟು ಎರಡನ್ನೂ ಕೊಟ್ಟು, ಬದಲಿಗೆ ಒಂದು ನೀಲಿ ಪ್ಲಾಸ್ಟಿಕ್ ಮಗ್ಗು ತೆಗೆದುಕೊಂಡೆ. ಮಾವನವರು ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಕೇಳುವವರು ಯಾರೂ ಇರಲಿಲ್ಲ. ಆ ಮಗ್ಗು ಈಗಲೂ ನಮ್ಮ ಬಚ್ಚಲಿನಲ್ಲಿದೆ. ದಿನಾ ಬೆಳಗ್ಗೆ ಅದರಲ್ಲೇ ತಲೆಯ ಮೇಲೆ ನೀರು ಸುರಿದುಕೊಳ್ಳುತ್ತೇನೆ.

ಕೆಲಸಕ್ಕೆ ಮೂರು ವರ್ಷ ಹಿಡಿಯಿತು. ಗುಂಪಿನವರು ಮೆಚ್ಚುವ ತನಕ ಬಣ್ಣ ಬಳಿಸಿ, ಕೆರೆಸಿ, ಮತ್ತೆ ಬಳಿಸಿದೆ. ಮೆಟ್ಟಿಲ ಕೆಳಗೆ ಕೂತು ಚಕ್ರದ ಕಡ್ಡಿಗಳನ್ನು ಉಜ್ಜುವಾಗ ತಲೆಯ ಮೇಲೆ ಗಿರಿಜಾ ಬಟ್ಟೆ ಒಣಹಾಕಲು ಮಹಡಿ ಹತ್ತುವ ಸದ್ದು ಬರುತ್ತಿತ್ತು. ಮೊದಮೊದಲು ದಡದಡ ಹತ್ತುತ್ತಿದ್ದಳು. ಆಮೇಲೆ ಒಂದು ಕಡೆ ನಿಲ್ಲತೊಡಗಿದಳು. ಕೊನೆಕೊನೆಗೆ ಒಂದೊಂದು ಮೆಟ್ಟಿಲಿಗೂ ನಿಂತು ಹತ್ತುತ್ತಿದ್ದಳು. ಎಂಜಿನ್ನಿನೊಳಗೆ ಎಲ್ಲಿ ಕಿರುಗುಟ್ಟಿದರೂ ಕಂಡುಹಿಡಿಯುವ ನನ್ನ ಕಿವಿಗೆ ಆ ಸದ್ದು ಬೀಳುತ್ತಲೇ ಇತ್ತು. ಆದರೆ ನಾನು ಗಮನ ಕೊಡಲಿಲ್ಲ. ಗಾಡಿ ಹೊಸದಾಗುತ್ತಿತ್ತು, ನಾವು ಹಳಬರಾಗುತ್ತಿದ್ದೆವು. ಈ ಲೆಕ್ಕ ನನಗೆ ಹೊಳೆಯಲೇ ಇಲ್ಲ.

ಕೊನೆಗೂ ಆ ದಿನ ಬಂತು. ಗುತ್ತೂರಿನಲ್ಲಿ ಅವಳ ತಮ್ಮನ ಮನೆಯ ಗೃಹಪ್ರವೇಶ. ಗಿರಿಜಾ ಇಳಕಲ್ ಸೀರೆ ಉಟ್ಟು, ಹೂ ಮುಡಿದು, ಕೈಯಲ್ಲಿ ಹೋಳಿಗೆಯ ಡಬ್ಬಿ ಹಿಡಿದು ಬಂದಳು. ನಾನು ಕಿಕ್ ಹೊಡೆದು ಮುಂದೆ ಕೂತೆ. ಹಿಂದೆ ಅವಳು ಮೆಟ್ಟಿನ ಮೇಲೆ ಕಾಲಿಟ್ಟಾಗ ಗಾಡಿ ಎಡಕ್ಕೆ ಒಂದಿಷ್ಟು ವಾಲುತ್ತದೆ, ಆಮೇಲೆ ನನ್ನ ಹೆಗಲ ಮೇಲೆ ಒಂದು ಕೈ ಬೀಳುತ್ತದೆ, ಆಗ ನಾನು ಕ್ಲಚ್ ಬಿಡಬೇಕು. ಹಳೆಯ ರೂಢಿ. ಕಾದೆ. ಗಾಡಿ ವಾಲಲಿಲ್ಲ. ತಿರುಗಿ ನೋಡಿದರೆ, ಮನೆಯ ಹೊಸ್ತಿಲು ದಾಟುವವರಂತೆ ಕೆಳಗೆ ನೋಡದೆಯೇ ಎತ್ತಿದ ಅವಳ ಕಾಲು ಗಾಳಿಯಲ್ಲಿ ಮೆಟ್ಟನ್ನು ಹುಡುಕುತ್ತಿತ್ತು.

‘ನನ್ನ ಕಾಲು ಎಲ್ಲಿ ಇಡ್ಲಿರಿ?’ ಎಂದಳು.

‘ಅದು ಒರಿಜಿನಲ್ ಅಲ್ಲ ಗಿರಿಜಾ. ಆಮೇಲೆ ಸೇರಿಸಿದ್ದು. ತೆಗೆದೆ.’

ಅವಳು ಹೊಳೆಯುವ ಸೈಲೆನ್ಸರನ್ನು ನೋಡಿದಳು. ‘ಹಂಗಾದ್ರೆ ನಾನೂ ಆಮೇಲೆ ಬಂದಾಕೆನೇ ಅಲ್ಲೇನ್ರಿ’ ಎಂದಳು. ಸಿಟ್ಟಿನಿಂದಲ್ಲ. ಅವಳು ಸುಮ್ಮನೆ ಹೇಳಿದಳು. ಈಗಿನ ಹುಡುಗಿಯರ ಹಾಗೆ ಎರಡೂ ಕಡೆ ಕಾಲು ಹಾಕಿ ಕೂರೆಂದು ಸೀರೆ ಉಟ್ಟವಳಿಗೆ ಹೇಳುವಷ್ಟು ಮೂರ್ಖ ನಾನಲ್ಲ. ಅಲ್ಲದೆ ಮೆಟ್ಟಿಲ್ಲದೆ ಹತ್ತಲು ಅವಳ ಮಂಡಿ ಬಿಡುತ್ತಲೂ ಇರಲಿಲ್ಲ.

ಅವಳು ಆಟೋ ಹಿಡಿದಳು. ನಾನು ಮೋಟರ್ ಸೈಕಲ್ಲಿನಲ್ಲಿ ಆಟೋದ ಹಿಂದೆ ಹೋದೆ. ದಾರಿಯಲ್ಲಿ ಸ್ಕೂಟರಿನ ಹುಡುಗರು ಹೆಬ್ಬೆರಳು ತೋರಿಸಿ ಗಾಡಿಯನ್ನು ಮೆಚ್ಚಿದರು. ಹಿಂದೆ ಭಾರವಿಲ್ಲದ ಗಾಡಿ ತಗ್ಗು ದಿಣ್ಣೆಗೆಲ್ಲ ಚಂಗನೆ ನೆಗೆಯುತ್ತಿತ್ತು. ಆಟೋದ ಪಕ್ಕದಿಂದ ಇಳಕಲ್ ಸೆರಗಿನ ತುದಿ ಹಾರುವುದು ಕಾಣಿಸುತ್ತಿತ್ತು. ಗುತ್ತೂರಿನಲ್ಲಿ ಎಲ್ಲರೂ ಗಾಡಿಯನ್ನು ಮುತ್ತಿಕೊಂಡರು. ಗಿರಿಜಾಳ ಸೋದರತ್ತೆ ಮಾತ್ರ ಅದರ ಎಡಗಡೆಗೆ ಹೋಗಿ ಬಗ್ಗಿ ನೋಡಿ, ‘ಅಳಿಯಂದ್ರೆ, ನಮ್ಮಣ್ಣ ಮಾಡ್ಸಿದ್ದು ಎಲ್ಲೈತ್ರಿ?’ ಎಂದು ಕೇಳಿದರು.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ನನ್ನದು ಮೂರು ವರ್ಷ ಅಡುಗೆ ಮಾಡಿದ ಒಲೆ. ಗುಜರಿಯವನನ್ನು ಹುಡುಕಿ ಹಿಡಿದೆ. ‘ಅದೆಲ್ಲ ಕರಗಿ ಯಾವ ಕಂಬಿ ಆಗೈತೋ ಯಾರಿಗೆ ಗೊತ್ತು ಸಾರ್’ ಎಂದ. ಅಂಗಡಿಯಿಂದ ಹೊಸ ಜಾಳಿಗೆ, ಮೆಟ್ಟು ತಂದು ಹಾಕಿದೆ. ಗಿರಿಜಾಳನ್ನು ಸ್ಟೂಲಿನ ಮೇಲೆ ಹತ್ತಿಸಿ, ಸೀಟಿನ ಮೇಲೆ ಕೂರಿಸಿದರೆ ಕಾಲು ತೇಲಾಡಿತು. ವೆಲ್ಡಿಂಗ್ ಅಂಗಡಿಗೆ ಓಡಿದೆ. ‘ಎಷ್ಟು ಎತ್ತರ ಬೇಕು ಸಾರ್?’ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಬೆನ್ನ ಹಿಂದೆಯೇ ಕೂತಿದ್ದವಳು. ಓಡಿಸುವವನಿಗೆ ರಸ್ತೆ ಕಾಣುತ್ತದೆ, ಹಿಂದೆ ಕೂತವರ ಕಾಲು ಕಾಣುವುದಿಲ್ಲ. ಮಾವನವರು ಹೊಸ್ತಿಲಲ್ಲಿ ನಿಂತು, ಮಗಳು ಬರುವುದನ್ನು ಒಂದೇ ಸಲ ನೋಡಿ ತಿಳಿದುಕೊಂಡಿದ್ದರು.

ಮತ್ತೆ ಮನೆಗೆ ಬಂದು, ಅವಳನ್ನು ಕೂರಿಸಿ, ಕಾಲ ಕೆಳಗೆ ಏನಾದರೂ ಒಟ್ಟೋಣವೆಂದು ಕೈಗೆ ಸಿಕ್ಕ ನನ್ನ ಗ್ರಂಥ ಸಂಪಾದನೆಯ ಸಂಪುಟಗಳನ್ನು ತಂದೆ. ‘ಪುಸ್ತಕಕ್ಕೆ ಕಾಲು ಇಡಿಸ್ತೀರಾ, ಬ್ಯಾಡ’ ಎಂದು ಕಾಲು ಮೇಲೆಳೆದುಕೊಂಡಳು. ಇಟ್ಟಿಗೆ, ಹಲಗೆ ಜೋಡಿಸಿದೆ. ಕುಕ್ಕುರುಗಾಲಲ್ಲಿ ಕೂತು, ಅವಳ ಪಾದ ಹಿಡಿದು, ‘ಇಷ್ಟಾ?’ ಎಂದೆ. ‘ಇನ್ನೊಂದೀಟು ಮ್ಯಾಲೆ’ ಎಂದಳು. ಹಿಮ್ಮಡಿ ಎಷ್ಟು ಒಡೆದಿದೆ, ಮಂಡಿ ಎಷ್ಟು ಊದಿದೆ ಎಂದು ಅಂದೇ ನಾನು ಸರಿಯಾಗಿ ನೋಡಿದ್ದು. ಹಿಂದಿನ ದಿನಗಳನ್ನೆಲ್ಲ ತಿರುಗಿ ಕೊಡೆಂದು ಯಾರನ್ನು ಕೇಳಲಿ ಅನ್ನಿಸಿತು.

ಮೆಟ್ಟು ಸಿದ್ಧವಾಯಿತು. ಯಾವ ಬಣ್ಣ ಎಂದು ಕೇಳಿದರು, ಹಸಿರು ಎಂದೆ. ಗಿರಿಜಾ ಸ್ಟೂಲು ಹತ್ತಿ, ಸೀಟಿನ ಮೇಲೆ ಕೂತು, ಕಾಲಿಟ್ಟು, ನನ್ನ ಹೆಗಲ ಮೇಲೆ ಕೈ ಹಾಕಿದಳು. ‘ಹೋಗೋಣಾ?’ ಎಂದೆ.

‘ಇಲ್ಲೇನೋ ಸ್ಟೂಲ್ ಐತೆ. ಅಲ್ಲಿ ಇಳಿಯಾಕೆ ಏನು ಮಾಡ್ಲಿ?’

ಅದಕ್ಕೇ ಮೊನ್ನೆ ಸ್ಟೂಲು ನೇತುಹಾಕಲು ಎಡಗಡೆಗೆ ಒಂದು ಕೊಕ್ಕೆ ಮಾಡಿಸಿದ್ದೇನೆ. ಯಾವ ಕಂಪನಿಯೂ ಕೊಟ್ಟಿರದ ಭಾಗ. ಗುಂಪಿನವರಿಗೆ ಫೋಟೋ ಕಳಿಸಿಲ್ಲ, ಗಿರಿಜಾಗೆ ತೋರಿಸಿದೆ. ಕೊಕ್ಕೆಯನ್ನು ಅಲ್ಲಾಡಿಸಿ ನೋಡಿ, ‘ಮೂರು ವರ್ಷದ ಹಿಂದೆ ಧೂಳಿದ್ದಂಗೇ ಕರ್ಕಂಡು ಹೋಗಿದ್ರೆ ಇದ್ಯಾವ್ದೂ ಬೇಕಾಗ್ತಿದ್ದಿಲ್ಲ’ ಎಂದಳು. ಹೌದು ಎಂದೆ.

ಆಮೇಲೆ ಅವಳು ಸ್ಟೂಲನ್ನು ನೆಲದ ಮೇಲಿಟ್ಟು ಒತ್ತಿ ನೋಡಿದಳು. ‘ಇದರದ್ದೊಂದು ಕಾಲು ಅಲ್ಲಾಡ್ತೈತೆ. ಭಾನುವಾರದೊಳಗೆ ಒಂದು ಮೊಳೆ ಹೊಡೀರಿ’ ಎಂದು ಒಳಗೆ ಹೊರಟವಳು, ಬಾಗಿಲಲ್ಲಿ ನಿಂತು ತಿರುಗಿ ಹೇಳಿದಳು: ‘ಬಿಚ್ಚಬ್ಯಾಡ್ರಿ ಮತ್ತೆ.’